ರೊಟ್ಟಿ, ಕೋಳಿ ಸಾರು ಮತ್ತು ಹಿತ್ತಲ ಹಣ್ಣಿನ ಹುಳಿ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕರ್ನಾಟಕದ ಯಾವ ಮೂಲೆಗೆ ಹೋದರೂ ಬೀಗರು ಬಂದ ದಿನ, ಹಬ್ಬದ ಮರುದಿನ, ಸುಗ್ಗಿ ಮುಗಿದ ಸಂಜೆ ಮಾಂಸಾಹಾರಿಗಳ ಮನೆಯಲ್ಲಿ ಕೋಳಿ ಸಾರು ಆಗುತ್ತದೆ. ಅದರ ಜೊತೆಗೆ ರೊಟ್ಟಿಯೂ ಇರುತ್ತದೆ. ವಿಜಯಪುರ, ಕಲಬುರಗಿ, ಧಾರವಾಡದ ಕಡೆ ಅದು ಜೋಳದ ರೊಟ್ಟಿ. ತುಮಕೂರು, ಮಂಡ್ಯ, ಹಾಸನದ ಕಡೆ ರಾಗಿ ರೊಟ್ಟಿ. ಮಲೆನಾಡು ಮತ್ತು ಕೊಡಗಿನಲ್ಲಿ ಅಕ್ಕಿ ರೊಟ್ಟಿ. ಕರಾವಳಿಯಲ್ಲಿ ಗರಿಗರಿಯಾದ ಕೋರಿ ರೊಟ್ಟಿ. ಹಿಟ್ಟು ಬೇರೆ, ಬಡಿಯುವ ಕ್ರಮ ಬೇರೆ, ಮಸಾಲೆ ಬೇರೆ. ಆದರೆ ಸಾರಿಗೆ ಯಾವುದಾದರೊಂದು ಹಣ್ಣಿನ ಅಥವಾ ಕಾಯಿಯ ಹುಳಿ ಬೀಳುವುದು ಬಹುಪಾಲು ಎಲ್ಲ ಕಡೆಯೂ ರೂಢಿಯಲ್ಲಿದೆ. ಒಂದೆಡೆ ಹುಣಸೆಹಣ್ಣು, ಒಂದೆಡೆ ಮಾವಿನಕಾಯಿ, ಒಂದೆಡೆ ನಿಂಬೆ, ಕೊಡಗಿನಲ್ಲಿ ಕಾಚಂಪುಳಿ, ಕರಾವಳಿಯಲ್ಲಿ ಪುನರ್ಪುಳಿ.

ಇದು ಬರೀ ನಾಲಿಗೆಯ ಚಪಲಕ್ಕೆ ಬೆಳೆದು ಬಂದ ರೂಢಿಯೆಂದು ತಿಳಿಯಬಾರದು. ರೊಟ್ಟಿ, ಮಾಂಸ ಮತ್ತು ಹುಳಿ ಹಣ್ಣು ಒಂದೇ ತಟ್ಟೆಯಲ್ಲಿ ಸೇರಿದಾಗ ದೇಹಕ್ಕೆ ಸಿಗುವ ಲಾಭ, ಅವನ್ನು ಬೇರೆಬೇರೆಯಾಗಿ ತಿಂದಾಗ ಸಿಗುವುದಕ್ಕಿಂತ ಹೆಚ್ಚು. ಈ ವಿಷಯವನ್ನು ರೈತ ಕುಟುಂಬಗಳು ತಿಳಿದಿರುವುದು ಅಗತ್ಯ. ಏಕೆಂದರೆ ಈ ಊಟದ ಸಾಮಗ್ರಿಯೆಲ್ಲ ಹೊಲದಲ್ಲಿ, ಹಿತ್ತಲಲ್ಲಿ, ಕೋಳಿಗೂಡಿನಲ್ಲಿಯೇ ಇದೆ; ಕೊರತೆ ಇರುವುದು ಅದನ್ನು ಬಳಸುವ ಮತ್ತು ಹಂಚಿಕೊಳ್ಳುವ ಕ್ರಮದಲ್ಲಿ.

ರಕ್ತಹೀನತೆಯ ಸಮಸ್ಯೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 48ರ ಆಸುಪಾಸಿನಲ್ಲಿದೆ. ಅಂದರೆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಎಂಬ ಲೆಕ್ಕ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಕಳೆ ತೆಗೆಯುವಾಗ ಬೇಗ ದಣಿವಾಗುವುದು, ನೀರಿನ ಕೊಡ ಹೊತ್ತು ಬಂದಾಗ ಏದುಸಿರು ಬರುವುದು, ತಲೆ ಸುತ್ತುವುದು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಬಹಳಷ್ಟು ಮನೆಗಳಲ್ಲಿ ಇದನ್ನು ರೋಗವೆಂದು ಭಾವಿಸದೆ "ಕೆಲಸದ ಆಯಾಸ" ಎಂದು ಬಿಟ್ಟುಬಿಡುತ್ತಾರೆ.

ರಕ್ತಹೀನತೆಗೆ ಕಾರಣಗಳು ಹಲವು. ಜಂತುಹುಳುವಿನ ಬಾಧೆ, ಮುಟ್ಟಿನ ಅತಿಸ್ರಾವ, ಒಂದರ ಹಿಂದೊಂದು ಹೆರಿಗೆ ಮುಂತಾದವು ಅವುಗಳಲ್ಲಿ ಸೇರಿವೆ. ಆಹಾರದಲ್ಲಿ ಕಬ್ಬಿಣಾಂಶ ಸಾಲದಿರುವುದು ಮುಖ್ಯ ಕಾರಣಗಳಲ್ಲಿ ಒಂದು. ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಜೋಳ ಮತ್ತು ರಾಗಿಯಲ್ಲಿ 100 ಗ್ರಾಂಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದೆ. ಸಜ್ಜೆಯಲ್ಲಿ 6ರಿಂದ 8 ಮಿಲಿಗ್ರಾಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮಾತ್ರ 1 ಮಿಲಿಗ್ರಾಂಗಿಂತ ಕಡಿಮೆ. ಹಾಗಿದ್ದರೆ ದಿನವೂ ರೊಟ್ಟಿ ತಿನ್ನುವವರಿಗೆ ಕಬ್ಬಿಣದ ಕೊರತೆ ಏಕೆ?

ಕಾಳುಗಳ ಹೊರಪದರದಲ್ಲಿರುವ ಫೈಟೇಟ್ ಎಂಬ ವಸ್ತು ಮತ್ತು ಒಗರು ಅಂಶವಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗಾಗಿ ಧಾನ್ಯ ಪ್ರಧಾನವಾದ ಊಟದಲ್ಲಿರುವ ಕಬ್ಬಿಣಾಂಶದಲ್ಲಿ ನೂರಕ್ಕೆ ಹತ್ತು ಪಾಲಿಗಿಂತಲೂ ಕಡಿಮೆ ರಕ್ತಕ್ಕೆ ಸೇರುತ್ತದೆ. ಉಳಿದದ್ದು ವ್ಯರ್ಥವಾಗಿ ಹೊರಹೋಗುತ್ತದೆ. ಈ ಬಿಗಿಯನ್ನು ಸಡಿಲಿಸುವ ಶಕ್ತಿ ಎರಡು ಪದಾರ್ಥಗಳಿಗೆ ಇದೆ. ಒಂದು, ಹಣ್ಣುಗಳಲ್ಲಿರುವ ಸಿ ಜೀವಸತ್ವ. ಇನ್ನೊಂದು, ಕೋಳಿ, ಮೀನು ಮುಂತಾದವುಗಳ ಮಾಂಸ. ಇವೆರಡರಲ್ಲಿ ಯಾವುದೇ ಒಂದು ಅದೇ ಊಟದಲ್ಲಿ ಇದ್ದರೆ ರೊಟ್ಟಿಯೊಳಗಿನ ಕಬ್ಬಿಣಾಂಶವೇ ಹೆಚ್ಚಾಗಿ ದೇಹಕ್ಕೆ ದಕ್ಕುತ್ತದೆ. ಬೆಳಿಗ್ಗೆ ಹಣ್ಣು, ರಾತ್ರಿ ರೊಟ್ಟಿ ತಿಂದರೆ ಈ ಪ್ರಯೋಜನವಿಲ್ಲ. ಎರಡೂ ಒಟ್ಟಿಗೆ ಹೊಟ್ಟೆಗೆ ಹೋಗಬೇಕು.

ರೊಟ್ಟಿಯ ಹದ

ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟಿನ ಸಸಾರಜನಕವಿದೆ. ಆದ್ದರಿಂದ ತಣ್ಣೀರಿನಲ್ಲಿ ಕಲೆಸಿದರೂ ಹಿಟ್ಟು ಹಿಗ್ಗುತ್ತದೆ, ಲಟ್ಟಿಸಲು ಬರುತ್ತದೆ. ಜೋಳ, ರಾಗಿ, ಸಜ್ಜೆ, ಅಕ್ಕಿಗಳಲ್ಲಿ ಈ ಅಂಟು ಇಲ್ಲ. ಅದಕ್ಕೇ ಎಸರು ಬೇಕು. ಕುದಿಯುವ ನೀರು ತಾಗಿದಾಗ ಹಿಟ್ಟಿನಲ್ಲಿರುವ ಪಿಷ್ಟ ಅರೆಬೆಂದು ಜಿಗಿಯಾಗುತ್ತದೆ. ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಎಸರು ಸಾಕಷ್ಟು ಕಾಯದಿದ್ದರೆ ರೊಟ್ಟಿಯ ಅಂಚು ಸೀಳುತ್ತದೆ.

ಜೋಳದ ರೊಟ್ಟಿಗೆ ಕಾಲು ಕಿಲೋ ಹಿಟ್ಟು ಇದ್ದರೆ ಸುಮಾರು ಒಂದು ಲೋಟ ನೀರನ್ನು ಚಿಟಿಕೆ ಉಪ್ಪು ಹಾಕಿ ಕುದಿಸಬೇಕು. ಅರ್ಧ ಹಿಟ್ಟಿಗೆ ಈ ಎಸರನ್ನು ಸುರಿದು ಚಮಚದಿಂದ ಕಲೆಸಿ, ಕೈ ತಾಳುವಷ್ಟು ಆರಿದ ಮೇಲೆ ಉಳಿದ ಹಿಟ್ಟು ಸೇರಿಸಿ, ತಣ್ಣೀರು ಚಿಮುಕಿಸುತ್ತ ಅಂಗೈ ಬುಡದಿಂದ ಚೆನ್ನಾಗಿ ನಾದಬೇಕು. ಹಿಟ್ಟನ್ನು ಒಟ್ಟಿಗೇ ನಾದಿಡದೆ, ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನು ಮತ್ತೆ ನಾದಿ ಬಡಿದರೆ ಬಿರುಕು ಬಿಡುವುದಿಲ್ಲ. ಕಾದ ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆಲ್ಲ ನೀರು ಸವರಬೇಕು. ನೀರು ಆರುತ್ತಿದ್ದಂತೆ ಮಗುಚಿ, ಆ ಬದಿ ಬೆಂದ ಮೇಲೆ ಬಟ್ಟೆಯಿಂದ ಅಂಚುಗಳನ್ನು ಒತ್ತಿದರೆ ಅಥವಾ ಕೆಂಡದ ಮೇಲೆ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಈ ಅಳತೆಗೆ ಐದಾರು ರೊಟ್ಟಿ ಆಗುತ್ತವೆ.

ರೊಟ್ಟಿಗೆ ಹಿಂಗಾರಿ ಬಿಳಿಜೋಳ ಉತ್ತಮ. ಮಾಲದಂಡಿ ಎಂದು ಹೆಸರಾದ ಎಂ 35-1 ತಳಿಯ ಜೋಳವನ್ನು ರೊಟ್ಟಿಯ ರುಚಿಗಾಗಿಯೇ ಇಂದಿಗೂ ಜನ ಇಷ್ಟಪಡುತ್ತಾರೆ. ಕೊಯ್ಲಿನ ಸಮಯದಲ್ಲಿ ಮಳೆಗೆ ಸಿಕ್ಕಿ ಮೊಳಕೆಯೊಡೆದ ಜೋಳದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ. ಎಷ್ಟು ನಾದಿದರೂ ರೊಟ್ಟಿ ಹರಿಯುತ್ತದೆ. ಇದು ಬಡಿಯುವವಳ ಕೈದೋಷವಲ್ಲ, ಕಾಳಿನ ದೋಷ. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚಾಗಿರುವುದರಿಂದ ಅದರ ಹಿಟ್ಟು ಬೇಗ ಕಹಿಯಾಗಿ ಕಮಟು ವಾಸನೆ ಬರುತ್ತದೆ. ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸಬೇಕು.

ಅಕ್ಕಿ ರೊಟ್ಟಿಗೆ ಕುದಿಯುವ ನೀರಿಗೆ ಹಿಟ್ಟನ್ನು ಉದುರಿಸಿ, ಮುಚ್ಚಿ ಬೇಯಿಸಿ, ಬಿಸಿಯಾಗಿರುವಾಗಲೇ ನಾದಬೇಕು. ಕೊಡಗಿನಲ್ಲಿ ಅನ್ನವನ್ನು ಹಿಟ್ಟಿನೊಡನೆ ಮಿದ್ದು ರೊಟ್ಟಿ ಮಾಡುತ್ತಾರೆ. ಹೀಗೆ ಮಾಡಿದ ರೊಟ್ಟಿ ಮೃದುವಾಗಿರುತ್ತದೆ. ರಾಗಿ ರೊಟ್ಟಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ನುಗ್ಗೆಸೊಪ್ಪು ಸೇರಿಸಿ ಕಾವಲಿಯ ಮೇಲೆಯೇ ತಟ್ಟಿ ಬೇಯಿಸುವುದು ರೂಢಿ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣಾಂಶ ಇರುವುದರಿಂದ ಬೆಳೆಯುವ ಮಕ್ಕಳಿಗೆ ಇದು ಒಳ್ಳೆಯದು. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿಸಿದ ಹಿಟ್ಟನ್ನು ಕಾಲು ಭಾಗದಷ್ಟು ಬೆರೆಸಿಕೊಂಡರೆ ಮೇಲೆ ಹೇಳಿದ ಫೈಟೇಟಿನ ಪ್ರಮಾಣವೂ ತಗ್ಗುತ್ತದೆ.

ಯಾವ ಹುಳಿಯಲ್ಲಿ ಏನಿದೆ?

ಎಲ್ಲ ಹುಳಿಯೂ ಒಂದೇ ಅಲ್ಲ. ನಿಂಬೆರಸದಲ್ಲಿ 100 ಗ್ರಾಂಗೆ 40ರಿಂದ 60 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು, ನೆಲ್ಲಿಕಾಯಿಯಲ್ಲಿ 250 ಮಿಲಿಗ್ರಾಂಗಿಂತ ಹೆಚ್ಚು. ಮಾವಿನಕಾಯಿ, ಅನಾನಸ್, ಪರಂಗಿಹಣ್ಣುಗಳಲ್ಲಿಯೂ ಸಾಕಷ್ಟು ಇದೆ. ಆದರೆ ಹುಣಸೆಹಣ್ಣಿನಲ್ಲಿ ಸಿ ಜೀವಸತ್ವ ತೀರ ಕಡಿಮೆ. ಅದರ ಹುಳಿ ಟಾರ್ಟಾರಿಕ್ ಆಮ್ಲದ್ದು. ಕೊಡಗಿನ ಕಾಚಂಪುಳಿ ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಬಹಳ ಹೊತ್ತು ಕುದಿಸಿ ಕಪ್ಪಗೆ ಇಂಗಿಸಿದ ಪದಾರ್ಥ. ಅದರಲ್ಲಿಯೂ ಸಿ ಜೀವಸತ್ವ ಉಳಿಯುವುದಿಲ್ಲ. ಇಂಥ ಹುಳಿಗಳು ರುಚಿ ಕೊಡುತ್ತವೆ, ಅವುಗಳ ಆಮ್ಲ ಕಬ್ಬಿಣಾಂಶ ಹೀರಿಕೆಗೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಆದರೂ ಹುಣಸೆಹುಳಿಯ ಸಾರು ಮಾಡಿದ ದಿನ ತಟ್ಟೆಗೊಂದು ನಿಂಬೆಹೋಳು ಇಡುವುದು ಜಾಣತನ.

ಸಿ ಜೀವಸತ್ವಕ್ಕೆ ಬೆಂಕಿ ಆಗದು. ಆದ್ದರಿಂದ ಮಾವಿನಕಾಯಿ, ಅನಾನಸ್ ಹೋಳುಗಳನ್ನು ಸಾರು ಇಳಿಸುವ ಸ್ವಲ್ಪ ಮುಂಚೆ ಹಾಕಬೇಕು. ನಿಂಬೆಯನ್ನು ಒಲೆಯ ಮೇಲಿರುವ ಪಾತ್ರೆಗೆ ಹಿಂಡದೆ ಬಡಿಸಿದ ಮೇಲೆ ತಟ್ಟೆಯಲ್ಲಿ ಹಿಂಡಿಕೊಳ್ಳಬೇಕು.

ಮಾವಿನಕಾಯಿ ಹಾಕಿದ ನಾಟಿಕೋಳಿ ಸಾರು

ಫಾಲ್ಗುಣ, ಚೈತ್ರದಲ್ಲಿ ಗಾಳಿಗೆ ಉದುರಿದ ಮಾವಿನಕಾಯಿ ಎಷ್ಟೋ ತೋಟಗಳಲ್ಲಿ ನೆಲದ ಮೇಲೆಯೇ ಕೊಳೆಯುತ್ತದೆ. ಅದನ್ನು ಹೀಗೆ ಬಳಸಬಹುದು.

ಬೇಕಾಗುವ ಪದಾರ್ಥಗಳು: ಕೋಳಿ ಮಾಂಸ 1 ಕಿಲೋ, ಮಧ್ಯಮ ಗಾತ್ರದ ಮಾವಿನಕಾಯಿ 1, ಈರುಳ್ಳಿ 2, ಬೆಳ್ಳುಳ್ಳಿ 10 ಎಸಳು, ಒಂದಂಗುಲ ಶುಂಠಿ, ಬ್ಯಾಡಗಿ ಮೆಣಸಿನಕಾಯಿ 8ರಿಂದ 10, ಕೊತ್ತಂಬರಿ ಬೀಜ 3 ಚಮಚ, ಜೀರಿಗೆ 1 ಚಮಚ, ಕಾಳುಮೆಣಸು ಅರ್ಧ ಚಮಚ, ತೆಂಗಿನಕಾಯಿ ಅರ್ಧ ಹೋಳು, ಅರಿಸಿನ, ಉಪ್ಪು, ಎಣ್ಣೆ 3 ಚಮಚ.

ಮಾಡುವ ವಿಧಾನ: ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಅರಿಸಿನ ಮತ್ತು ಉಪ್ಪು ಹಾಕಿ, ಕೋಳಿ ತುಂಡುಗಳನ್ನು ನೀರು ಬಿಟ್ಟು ಇಂಗುವವರೆಗೆ ಹುರಿಯಬೇಕು. ಆಮೇಲೆ ಬಿಸಿನೀರು ಹಾಕಿ ಮುಚ್ಚಿ ಬೇಯಿಸಬೇಕು. ನಾಟಿಕೋಳಿಗೆ ಮಡಕೆಯಲ್ಲಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಕುಕ್ಕರಿನಲ್ಲಾದರೆ ನಾಲ್ಕೈದು ಕೂಗು ಸಾಕು. ಅಷ್ಟರಲ್ಲಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸುಗಳನ್ನು ಹುರಿದು, ಕಾಯಿತುರಿ, ಶುಂಠಿ, ಬೆಳ್ಳುಳ್ಳಿಯೊಡನೆ ನುಣ್ಣಗೆ ರುಬ್ಬಿಕೊಳ್ಳಬೇಕು. ಮಾಂಸ ಬೆಂದ ಮೇಲೆ ಈ ಖಾರ ಹಾಕಿ ಒಂದು ಕುದಿ ಬರಿಸಿ, ಹೆಚ್ಚಿದ ಮಾವಿನಕಾಯಿ ಹೋಳು ಸೇರಿಸಿ, ಎಂಟು ಹತ್ತು ನಿಮಿಷ ಕುದಿಸಿ ಇಳಿಸಬೇಕು. ಕಾಯಿ ತೀರ ಹುಳಿಯಾಗಿದ್ದರೆ ಅರ್ಧ ಸಾಕು. ಮೊದಲೇ ಹಾಕಿದರೆ ಹೋಳು ಕರಗಿ ಹೋಗುತ್ತದೆ, ಜೀವಸತ್ವವೂ ಹೆಚ್ಚು ನಾಶವಾಗುತ್ತದೆ. ಬಿಸಿ ಜೋಳದ ರೊಟ್ಟಿಗೂ, ಮುರಿದು ನೆನೆಸಿದ ಕಡಕ್ ರೊಟ್ಟಿಗೂ ಈ ಸಾರು ಹೊಂದುತ್ತದೆ.

ಅನಾನಸ್ ಮತ್ತು ಕಾಳುಮೆಣಸಿನ ಕೋಳಿ

ಶಿರಸಿ, ಬನವಾಸಿ, ಸಾಗರದ ಕಡೆ ಅನಾನಸ್ ಮತ್ತು ಕಾಳುಮೆಣಸು ಎರಡೂ ಬೆಳೆಯುತ್ತವೆ. ಅರ್ಧ ಕಿಲೋ ಕೋಳಿಯ ಸಣ್ಣ ತುಂಡುಗಳನ್ನು ಈರುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನೊಡನೆ ತೆಂಗಿನೆಣ್ಣೆಯಲ್ಲಿ ಹುರಿದು, ಸ್ವಲ್ಪ ನೀರು ಚಿಮುಕಿಸಿ ಬೇಯಿಸಬೇಕು. ಮಾಂಸ ಪೂರ್ತಿ ಬೆಂದ ಮೇಲೆ ಒಂದೂವರೆ ಚಮಚ ಕುಟ್ಟಿದ ಕಾಳುಮೆಣಸು, ಒಂದು ಬಟ್ಟಲು ಅನಾನಸ್ ಹೋಳು ಹಾಕಿ ಐದು ನಿಮಿಷ ಬಾಡಿಸಿ ಇಳಿಸಬೇಕು. ಹಣ್ಣು ಹುಳಿಯಾಗಿದ್ದರೆ ಚೂರು ಬೆಲ್ಲ ಸೇರಿಸಬಹುದು. ಅಕ್ಕಿ ರೊಟ್ಟಿಯ ಜೊತೆಗೆ ಇದು ರುಚಿ.

ಹಸಿ ಅನಾನಸ್ ರಸದಲ್ಲಿ ಮಾಂಸವನ್ನು ಬಹಳ ಹೊತ್ತು ನೆನೆಯಿಡಬಾರದು. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮಾಂಸದ ಸಸಾರಜನಕವನ್ನು ಒಡೆದು ಮುದ್ದೆಯಾಗಿಸುತ್ತದೆ.

ಮುದಿ ಕೋಳಿಗೆ ಪರಂಗಿಕಾಯಿ

ಇಂಥದೇ ಗುಣವನ್ನು ಲಾಭಕ್ಕೆ ಬಳಸಿಕೊಳ್ಳುವುದೂ ಸಾಧ್ಯ. ಮೊಟ್ಟೆ ಇಡುವುದನ್ನು ನಿಲ್ಲಿಸಿದ ಮುದಿ ಹೇಂಟೆಯ ಮಾಂಸ ನಾರುನಾರಾಗಿರುತ್ತದೆ, ಬೇಯಲು ಸೌದೆ ಬಹಳ ಬೇಕು. ಹಸಿ ಪರಂಗಿಕಾಯಿಯಲ್ಲಿ ಪಪೇನ್ ಎಂಬ ಕಿಣ್ವವಿದೆ. ಒಂದು ಕಿಲೋ ಮಾಂಸಕ್ಕೆ ಸಿಪ್ಪೆಸಹಿತ ರುಬ್ಬಿದ ಎರಡು ದೊಡ್ಡ ಚಮಚ ಪರಂಗಿಕಾಯಿ ಸವರಿ, ಅರ್ಧ ಗಂಟೆ ಬಿಟ್ಟು ಬೇಯಿಸಿದರೆ ಮಾಂಸ ಬೇಗ ಮೆತ್ತಗಾಗುತ್ತದೆ. ಹಣ್ಣಾದ ಪರಂಗಿಯಲ್ಲಿ ಈ ಗುಣ ಬಹಳ ಕಡಿಮೆ. ಎಳೆಯ ಹಸಿ ಕಾಯಿಯೇ ಆಗಬೇಕು. ಗರ್ಭಿಣಿಯರಿರುವ ಮನೆಯಲ್ಲಿ ಹಸಿ ಪರಂಗಿಕಾಯಿಯ ಬದಲು ಕುಕ್ಕರ್ ಬಳಸುವುದು ಲೇಸು.

ಕೋರಿ ರೊಟ್ಟಿ

ತುಳುನಾಡಿನಲ್ಲಿ ಕುಚ್ಚಲಕ್ಕಿಯ ಹಿಟ್ಟಿನಿಂದ ಹಪ್ಪಳದಷ್ಟು ತೆಳ್ಳಗೆ ರೊಟ್ಟಿ ಮಾಡಿ, ಗರಿಯಾಗುವಂತೆ ಒಣಗಿಸಿ ಇಟ್ಟುಕೊಳ್ಳುತ್ತಾರೆ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ತೆಂಗಿನಹಾಲು, ಬ್ಯಾಡಗಿ ಮೆಣಸಿನಕಾಯಿ ಮತ್ತು ಹುಣಸೆಹುಳಿಯ ತೆಳು ಸಾರನ್ನು ಮುರಿದ ರೊಟ್ಟಿಯ ಮೇಲೆ ಸುರಿದು, ಅದು ನೆನೆಯುತ್ತಿದ್ದಂತೆ ಉಣ್ಣುತ್ತಾರೆ. ಒಣ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ನಾಟಿ, ಕೊಯ್ಲಿನ ಕಾಲದಲ್ಲಿ ಗೃಹಿಣಿಗೆ ಕೆಲಸ ಹಗುರವಾಗುತ್ತದೆ. ಉತ್ತರ ಕರ್ನಾಟಕದ ಕಡಕ್ ರೊಟ್ಟಿಯೂ ಇದೇ ಅನುಕೂಲ ಕೊಡುತ್ತದೆ.

ಗಮನಿಸಬೇಕಾದ ಅಂಶಗಳು

1. ಹುಳಿ ಹಾಕಿದ ಅಡುಗೆಯನ್ನು ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಮಾಡಬಾರದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಟ್ಟಿರಬಾರದು. ಮಣ್ಣಿನ ಮಡಕೆ, ಸ್ಟೀಲ್ ಪಾತ್ರೆ ಉತ್ತಮ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಆದರೆ ಬೆಂದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಬೇಕು.

2. ಹಸಿ ಮಾಂಸ ಕತ್ತರಿಸಿದ ಮಣೆ, ಚಾಕುವನ್ನು ಸೋಪು ಹಾಕಿ ತೊಳೆಯದೆ ಹಣ್ಣು, ಈರುಳ್ಳಿ ಹೆಚ್ಚಲು ಬಳಸಬಾರದು.

3. ಮೂಳೆಯ ಬಳಿ ಕೆಂಪು ನೀರು ಕಾಣದಂತೆ ಮಾಂಸ ಪೂರ್ತಿ ಬೇಯಬೇಕು. ಉಳಿದ ಸಾರನ್ನು ಹುಳಿ ಇದೆಯೆಂದು ನಂಬಿ ಹೊರಗೆ ಇಡಬಾರದು. ತಂಪಾದ ಪೆಟ್ಟಿಗೆಯಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿ ಉಣ್ಣಬೇಕು.

4. ಊಟವಾದ ಕೂಡಲೇ ಚಹಾ, ಕಾಫಿ ಕುಡಿಯುವ ಅಭ್ಯಾಸ ಬಿಡಬೇಕು. ಅವುಗಳ ಒಗರು ಕಬ್ಬಿಣಾಂಶವನ್ನು ಮತ್ತೆ ಕಟ್ಟಿಹಾಕುತ್ತದೆ. ಒಂದು ಗಂಟೆಯಾದರೂ ಅಂತರ ಇರಲಿ.

5. ಮಾಂಸ ತಿನ್ನದವರು ಹೆಸರುಕಾಳು, ಹುರುಳಿಕಾಳು, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡು, ನೆಲ್ಲಿಕಾಯಿ ಚಟ್ನಿಯೊಡನೆ ರೊಟ್ಟಿ ತಿಂದರೂ ಇದೇ ಪ್ರಯೋಜನ ದೊರೆಯುತ್ತದೆ.

ತಟ್ಟೆಗೆ ಬೀಳುವುದು ಯಾರಿಗೆ, ಎಷ್ಟು?

ಇಷ್ಟೆಲ್ಲ ಮಾಡಿದರೂ ಒಂದು ಮಾತು ಉಳಿಯುತ್ತದೆ. ಕೋಳಿ ಸಾರಿನ ದಿನ ಒಲೆಯ ಮುಂದೆ ಕುಳಿತು ಇಪ್ಪತ್ತು ರೊಟ್ಟಿ ಬಡಿಯುವಾಕೆ ಮನೆಯ ಸೊಸೆ. ಮೊದಲು ಬೀಗರು, ಆಮೇಲೆ ಗಂಡಸರು, ಆಮೇಲೆ ಮಕ್ಕಳು ಉಣ್ಣುತ್ತಾರೆ. ಕಡೆಗೆ ಆಕೆ ಕುಳಿತಾಗ ಪಾತ್ರೆಯಲ್ಲಿ ಇರುವುದು ತಳದ ರಸ, ಒಂದು ಕತ್ತಿನ ಮೂಳೆ, ಆರಿದ ಎರಡು ರೊಟ್ಟಿ. ಮನೆಯಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಅತ್ತೆಯೂ ತನ್ನ ಕಾಲದಲ್ಲಿ ಹಾಗೆಯೇ ಉಂಡವಳು. ಆದರೆ ಆ ಮನೆಯಲ್ಲಿ ಕಬ್ಬಿಣಾಂಶ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದುದು ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ, ಬಸಿರು ಬಾಣಂತನಗಳನ್ನು ಕಾಣುವ ಆ ಹೆಣ್ಣುಮಗಳಿಗೆ.

ಪರಿಹಾರಕ್ಕೆ ಹಣ ಬೇಕಿಲ್ಲ. ಸಾರು ಇಳಿಸಿದ ಕೂಡಲೇ, ಯಾರಿಗೂ ಬಡಿಸುವ ಮುನ್ನ, ಅಡುಗೆ ಮಾಡಿದವಳ ಮತ್ತು ಬೆಳೆಯುವ ಹೆಣ್ಣುಮಕ್ಕಳ ಪಾಲನ್ನು ಒಂದು ಬಟ್ಟಲಿನಲ್ಲಿ ತೆಗೆದು ಮುಚ್ಚಿಡಬೇಕು. ಈ ಕೆಲಸವನ್ನು ಅತ್ತೆಯೋ ಯಜಮಾನನೋ ಮಾಡಿದರೆ ಸೊಸೆಗೆ ಸಂಕೋಚವೂ ಇರುವುದಿಲ್ಲ. ಕೋಳಿಯ ಲಿವರಿನಲ್ಲಿ 100 ಗ್ರಾಂಗೆ ಸುಮಾರು 9 ಮಿಲಿಗ್ರಾಂ ಕಬ್ಬಿಣಾಂಶವಿದೆ. ಬಿಡಿ ಮಾಂಸದಲ್ಲಿ ಇರುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಆ ತುಂಡು ಮನೆಯ ಹಿರಿಯ ಗಂಡಸಿಗೇ ಮೀಸಲಾಗದೆ ಹೆಣ್ಣುಮಕ್ಕಳಿಗೂ ಸಿಗಲಿ. ಗರ್ಭಿಣಿಯರು ಮಾತ್ರ ಲಿವರನ್ನು ಹೆಚ್ಚಾಗಿ ತಿನ್ನಬಾರದು. ಅದರಲ್ಲಿ ಎ ಜೀವಸತ್ವ ಅತಿಯಾಗಿರುತ್ತದೆ. ಅವರಿಗೆ ಮಾಂಸದ ತುಂಡೇ ಹೆಚ್ಚು ಬೀಳಲಿ.

ಊಟವೊಂದರಿಂದಲೇ ತೀವ್ರ ರಕ್ತಹೀನತೆ ವಾಸಿಯಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಮೇಲೆ ಹೇಳಿದ ಲಕ್ಷಣಗಳು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಮಲ ಕಪ್ಪಾಯಿತೆಂದು ಹೆದರಿ ನಡುವೆ ಬಿಡಬಾರದು.

ಹಿತ್ತಲಲ್ಲಿ ಏನಿರಬೇಕು?

ಕೋಳಿ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ರೊಟ್ಟಿ ದಿನವೂ. ಆದ್ದರಿಂದ ದಿನವೂ ಕೈಗೆ ಸಿಗುವ ಹುಳಿ ಹಣ್ಣು ಹಿತ್ತಲಲ್ಲಿರಬೇಕು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಹರಿಯುವ ಕಡೆ ಒಂದು ನಿಂಬೆ, ಎರಡು ಪರಂಗಿ, ಒಂದು ಸೀಬೆ, ಒಂದು ನುಗ್ಗೆ, ಒಂದು ಕರಿಬೇವು ನೆಟ್ಟರೆ ಐದಾರು ಜನರ ಸಂಸಾರಕ್ಕೆ ಬಹುಮಟ್ಟಿಗೆ ಸಾಕು. ಪರಂಗಿ ಮೊದಲ ವರ್ಷವೇ ಕಾಯಿ ಕೊಡುತ್ತದೆ. ನಿಂಬೆಗೆ ಮೂರು ನಾಲ್ಕು ವರ್ಷ ಕಾಯಬೇಕು. ಜಾಗವಿದ್ದವರು ಹೊಲದ ಬದುವಿನಲ್ಲಿ ಒಂದು ನೆಲ್ಲಿ ಗಿಡ ಹಾಕಬಹುದು. ಇದರ ಜೊತೆಗೆ ಐದಾರು ನಾಟಿಕೋಳಿಗಳನ್ನಾಗಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಹಿತ್ತಲ ಕೋಳಿಗಳನ್ನಾಗಲಿ ಸಾಕಿದರೆ ಅಡುಗೆಮನೆಯ ಮುಸುರೆಯೇ ಮೊಟ್ಟೆಯಾಗಿ, ಮಾಂಸವಾಗಿ ಹಿಂತಿರುಗುತ್ತದೆ. ಕೊಕ್ಕರೆ ರೋಗದ ಲಸಿಕೆಯನ್ನು ಮಾತ್ರ ಪಶುವೈದ್ಯರಲ್ಲಿ ಕೇಳಿ ಸಕಾಲಕ್ಕೆ ಹಾಕಿಸಬೇಕು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದೆ. ಕೈಗೆ ಸುಲಭವಾಗಿ ಸಿಗುವುದರ ಬೆಲೆ ಜನಕ್ಕೆ ತಿಳಿಯದು ಎಂಬುದೇ ಅದರ ತಾತ್ಪರ್ಯ. ರೈತ ಸೋದರ ಸೋದರಿಯರು ಈ ಶಿಬಿರದಿಂದ ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿದರೆ ಈ ಮಾತುಗಳು ಸಾರ್ಥಕ. ಹಿತ್ತಲಲ್ಲಿ ಒಂದು ನಿಂಬೆ ಗಿಡ ನೆಡುವುದು. ಮುಂದಿನ ಸಲ ಕೋಳಿ ಸಾರು ಮಾಡಿದಾಗ ರೊಟ್ಟಿ ಬಡಿದವಳ ಬಟ್ಟಲನ್ನು ಮೊದಲು ತುಂಬುವುದು.